ಖಾಲಿ ಚೆಕ್ಕಿನ ವ್ಯಾಪಾರ

ದಿನಸಿ ಅಂಗಡಿಯವನು ಗಿರಾಕಿಯನ್ನು ಸುಲಿಯುತ್ತಾನೆ ಎಂಬ ಮಾತು ಹಳೆಯದು. ಸಿನೆಮಾಗಳಲ್ಲಿ ಅವನು ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸುವ ಜಿಪುಣ. ಆದರೆ ಅವನಿಗೆ ಮಾಲು ಕೊಡುವವರು ಯಾರು, ಯಾವ ಷರತ್ತಿನ ಮೇಲೆ ಕೊಡುತ್ತಾರೆ ಎಂದು ಯಾರೂ ವಿಚಾರಿಸಿದ್ದಿಲ್ಲ. ವಿಚಾರಿಸುವವರಿಲ್ಲದ ಕಾರಣಕ್ಕೇ ಆ ಷರತ್ತುಗಳು ಇಷ್ಟು ನಿರ್ಲಜ್ಜವಾಗಿ ಬೆಳೆದಿವೆ.

ಹೊಸದಾಗಿ ಅಂಗಡಿ ತೆರೆದವನು ವಿತರಕನ ಬಳಿ ಅಕೌಂಟ್ ಮಾಡಿಸಲು ಹೋಗಲಿ. ಜಿಎಸ್‌ಟಿ ನಂಬರ್ ಇದೆಯೇ ಎಂಬುದು ಮೊದಲ ಪ್ರಶ್ನೆ. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ಸರಕು ಮಾರುವವನಿಗೆ ನೋಂದಣಿ ಕಡ್ಡಾಯವಲ್ಲ. ಸರಕಾರ ಬೇಡವೆಂದದ್ದನ್ನು ಗೋದಾಮಿನ ಗುಮಾಸ್ತ ಬೇಕೆನ್ನುತ್ತಾನೆ. ಆಮೇಲೆ ಬರುವುದು ಕನಿಷ್ಠ ಬಿಲ್ಲಿನ ಮಾತು. ಓಡುವ ಸೋಪು ಬೇಕಾದರೆ ಓಡದ ಬಿಸ್ಕೆಟನ್ನೂ ಎರಡು ಪೆಟ್ಟಿಗೆ ಎತ್ತಬೇಕು. ಹೀಗೆ ಒಂದಕ್ಕೆ ಇನ್ನೊಂದನ್ನು ಕಟ್ಟಿ ಮಾರುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನಡಿ ಪ್ರಶ್ನಿಸಬಹುದಂತೆ. ಓಣಿಯ ಅಂಗಡಿಗೆ ಬೀಗ ಹಾಕಿ ದೆಹಲಿಯ ಆಯೋಗಕ್ಕೆ ಹೋಗುವವರು ಯಾರು?

ಕೊನೆಗೆ ಕೇಳುವುದು ಸಹಿ ಹಾಕಿದ ಖಾಲಿ ಚೆಕ್. 'ಸುಮ್ಮನೆ ಸೆಕ್ಯೂರಿಟಿಗೆ ಅಣ್ಣಾ, ಫೈಲಿನಲ್ಲಿ ಇರುತ್ತದೆ ಅಷ್ಟೇ' ಎನ್ನುತ್ತಾನೆ ಸೇಲ್ಸ್‌ಮನ್. ಅದು ಅಷ್ಟೇ ಅಲ್ಲ. ಚೆಕ್ ಬೌನ್ಸ್ ಆದರೆ 138ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ ಆಗಬಹುದು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನೂ ಬಾಕಿ ತೀರಿಸಲು ಕೊಟ್ಟದ್ದೆಂದೇ ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವನದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಂದರೆ ನಾವು ಅಕೌಂಟಿನ ಜೊತೆ ಒಂದು ಮೊಕದ್ದಮೆಯನ್ನೂ ಮುಂಗಡವಾಗಿ ಕೊಟ್ಟು ಬರುತ್ತೇವೆ.

ನಮ್ಮಿಂದ ಇಷ್ಟೆಲ್ಲ ಕಾಗದ ಪಡೆದವರು ನಮಗೆ ಕೊಡುವ ಕಾಗದ ಯಾವುದು? ಬಿಲ್ಲೊಂದೇ. ಅವಧಿ ಮುಗಿದ ಮಾಲು ವಾಪಸ್ ಪಡೆಯುತ್ತೇವೆಂಬ ಭರವಸೆ ಬಾಯಿಮಾತಿನದು. ಸೇಲ್ಸ್‌ಮನ್ ಬದಲಾದರೆ ಮಾತೂ ಹೋಯಿತು. 'ಅದು ಹಿಂದಿನವನು ಹೇಳಿದ್ದು, ನನಗೆ ಗೊತ್ತಿಲ್ಲ' ಎಂಬ ಉತ್ತರ ಕೇಳದ ಅಂಗಡಿಯವನು ನಮ್ಮ ಕರಾವಳಿಯಲ್ಲಿ ಇರಲಾರ. ತಡವಾದರೆ ಶೇ. 24 ಬಡ್ಡಿ ಎಂದು ಮಾತ್ರ ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಬಡ್ಡಿ ಬೇಡವೆಂದು ಬ್ಯಾಂಕಿನ ಮೆಟ್ಟಿಲು ಹತ್ತದೆ ಉಳಿದ ನಮ್ಮವರ ಅಂಗಡಿಗೂ ಅದು ಸೋಪಿನ ಪೆಟ್ಟಿಗೆಯ ಜೊತೆ ಬಂದಿಳಿಯುತ್ತದೆ.

2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕೆಟ್‌ಗಳ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ. ಮರುದಿನ ಬೆಳಿಗ್ಗೆ ಗಿರಾಕಿ ಹೊಸ ದರ ಕೇಳಿದ. ಕೇಳುವುದು ಅವನ ಹಕ್ಕು. ಆದರೆ ಕಪಾಟಿನಲ್ಲಿದ್ದದ್ದು ಹಳೆಯ ತೆರಿಗೆ ಕೊಟ್ಟು ತಂದ ಮಾಲು. ನೋಂದಣಿ ಇರುವ ದೊಡ್ಡ ಅಂಗಡಿ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ನೋಂದಣಿ ಇಲ್ಲದವನಿಗೆ ಅದು ಹಿಂದೆ ಬರುವ ದಾರಿಯೇ ಇಲ್ಲ. ಅವನ ನಷ್ಟವನ್ನು ತುಂಬಿಕೊಡುವುದು ಬಿಡುವುದು ಕಂಪೆನಿಯ, ವಿತರಕನ ಮರ್ಜಿ. ಬರೆದ ನಿಯಮವಿಲ್ಲದ ಕಡೆ ಮರ್ಜಿಯೇ ನಿಯಮ.

ವಿತರಕನೂ ಕಷ್ಟದಲ್ಲಿದ್ದಾನೆ ಎನ್ನುವವರಿದ್ದಾರೆ. ನಿಜ. ಅವನ ಲಾಭವೂ ಸಣ್ಣದು. ಅವನಿಂದ ಮುಂಗಡ ಹಣ ಪಡೆದೇ ಮಾಲು ಕಳಿಸುವ ಕಂಪೆನಿಗಳಿವೆ. ಬಾಕಿ ಉಳಿಸಿ ರಾತ್ರೋರಾತ್ರಿ ಅಂಗಡಿ ಖಾಲಿ ಮಾಡಿದವರೂ ಇದ್ದಾರೆ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್‌ನ ಕೆಲವು ಉತ್ಪನ್ನಗಳನ್ನು ಹಂಚುವುದನ್ನೇ ನಿಲ್ಲಿಸಿದ್ದರು. ಜಿಯೋಮಾರ್ಟ್, ಉಡಾನ್‌ನಂಥ ದೊಡ್ಡ ಜಾಲಗಳಿಗೆ ಒಂದು ದರ, ತಮಗೊಂದು ದರ ಏಕೆ ಎಂಬುದು ಅವರ ತಕರಾರಾಗಿತ್ತು. ನ್ಯಾಯವಾದ ತಕರಾರು. ಆದರೆ ಮೇಲಿನವನಿಂದ ತಿಂದ ಪೆಟ್ಟನ್ನು ಕೆಳಗಿನವನ ಬೆನ್ನಿಗೆ ಇಳಿಸುವುದು ಯಾವ ನ್ಯಾಯ?

ಮಧ್ಯವರ್ತಿ ಬೇಡ, ನೇರ ಕೊಳ್ಳಿ ಎಂದು ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ 2003ರಲ್ಲಿ ಬೆಂಗಳೂರಿಗೆ ಬಂತು. 2023ರಲ್ಲಿ ರಿಲಯನ್ಸ್ ಅದರ ಭಾರತದ ವ್ಯಾಪಾರವನ್ನು 2,850 ಕೋಟಿ ರೂಪಾಯಿಗೆ ಕೊಂಡಿತು. ನಮಗೆ ಸಗಟು ಮಾರುವವನೇ ಪಕ್ಕದ ಬೀದಿಯಲ್ಲಿ ನಮ್ಮ ಗಿರಾಕಿಗೆ ಚಿಲ್ಲರೆಯನ್ನೂ ಮಾರುತ್ತಾನೆ. ಅವನೊಡನೆ ಚೌಕಾಸಿ ಮಾಡಲು ನಮ್ಮ ಕೈಯಲ್ಲಿ ಏನಿದೆ?

ಈಗ ನಮ್ಮ ಗಲ್ಲೆಯ ಈಚೆ ಬದಿಯನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ದೋಣಿಯಲ್ಲಿ ದುಡಿಯುವವನ ಮನೆಗೆ ಅಕ್ಕಿ, ಚಾಹುಡಿ, ಸಕ್ಕರೆ ಹೋಗುವುದು ಸಾಲದ ಪುಸ್ತಕದ ಮೇಲೆ. 'ಬರೆದಿಡಿ' ಎಂಬ ಒಂದೇ ಮಾತು ಸಾಕು. ಬೀಡಿ ಕಟ್ಟುವ ತಾಯಿ ಕೂಲಿ ಸಿಕ್ಕ ದಿನ ಕೊಡುತ್ತಾಳೆ. ಗಲ್ಫಿನಲ್ಲಿರುವ ಮಗನ ದುಡ್ಡು ಬಾರದಿದ್ದರೆ ಮನೆಯವರು ಮುಂದಿನ ತಿಂಗಳು ಎನ್ನುತ್ತಾರೆ; ನಾವು ಆಗಲಿ ಎನ್ನುತ್ತೇವೆ. ಅವರಿಂದ ನಾವು ಚೆಕ್ ಕೇಳಿದ್ದಿಲ್ಲ, ಬಡ್ಡಿ ಬರೆದದ್ದಿಲ್ಲ. ವಿತರಕನ ಬಿಲ್ ಮಾತ್ರ ಏಳು ದಿನದ್ದು. ಆ 7ಕ್ಕೂ ಈ 61ಕ್ಕೂ ನಡುವಿನ ದಿನಗಳ ಬಂಡವಾಳ ಎಲ್ಲಿಂದ ಬರುತ್ತದೆ? ಹೆಂಡತಿಯ ಬಳೆಯಿಂದ. ಕಂಪೆನಿಯ ಜಾಹೀರಾತು ಹಳ್ಳಿ ಹಳ್ಳಿಗೂ ಮುಟ್ಟಿದ್ದೇವೆ ಎನ್ನುತ್ತದಲ್ಲ, ಮುಟ್ಟಿಸಿದ್ದು ಆ ಬಳೆ.

ಕಾನೂನು ನೆರವಿಗೆ ಬಾರದೇ ಎಂದರೆ, ಸಣ್ಣ ಉದ್ದಿಮೆಗಳಿಗಾಗಿ 2006ರ ಕಾಯ್ದೆ ಇದೆ. ಕೊಂಡವನು 45 ದಿನದೊಳಗೆ ಹಣ ಕೊಡಬೇಕೆಂದು ಅದು ಮಾರಿದವನ ರಕ್ಷಣೆಗೆ ನಿಲ್ಲುತ್ತದೆ. ಕೊಳ್ಳುವ ಜಾಗದಲ್ಲಿರುವ ಸಣ್ಣವನ ಬಗ್ಗೆ ಮಾತಿಲ್ಲ. 2021ರ ಜುಲೈಯಲ್ಲಿ ಚಿಲ್ಲರೆ ವ್ಯಾಪಾರಿಯನ್ನೂ ಆ ಪಟ್ಟಿಗೆ ಸೇರಿಸಿದರು, ಆದರೆ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಹಸಿದವನಿಗೆ ಅನ್ನದ ಬದಲು ಮತ್ತೊಂದು ಸಾಲ!

ನಾವು ಉದ್ರಿ ಹೆಚ್ಚಿಸಿ ಎಂದು ಬೇಡುತ್ತಿಲ್ಲ. ಅಕೌಂಟಿನ ನಿಯಮಗಳನ್ನು ಕನ್ನಡದಲ್ಲಿ ಬರೆದು, ಕಂಪೆನಿಯ ಮೊಹರು ಹಾಕಿ ಕೊಡಿ. ಚೆಕ್ ಬೇಕಾದರೆ ಮೊತ್ತ, ತಾರೀಕು ತುಂಬಿದ್ದನ್ನು ಪಡೆಯಿರಿ, ಪಡೆದದ್ದಕ್ಕೆ ರಶೀದಿ ಕೊಡಿ, ಬಾಕಿ ತೀರಿದ ದಿನ ಹಿಂದಿರುಗಿಸಿ. ನೀವೇ ಒತ್ತಾಯಿಸಿ ಇಳಿಸಿದ ಪೆಟ್ಟಿಗೆಯ ಅವಧಿ ಮುಗಿದರೆ ನೀವೇ ಒಯ್ಯಿರಿ. ಅಲ್ಲಿಯ ತನಕ ಒಂದು ಪೇಟೆಯ ಹತ್ತು ಅಂಗಡಿಯವರು ಒಂದೇ ಆರ್ಡರ್ ಕೊಟ್ಟು, ಮಾಲು ಇಳಿಸಿಕೊಂಡು ಹಂಚಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಬ್ಬ ಖಾಲಿ ಚೆಕ್ ಕೊಡುವುದಿಲ್ಲ ಎಂದರೆ ವ್ಯಾನು ಮುಂದಿನ ಅಂಗಡಿಗೆ ಹೋಗುತ್ತದೆ. ಹತ್ತೂ ಮಂದಿ ಹಾಗೆಂದರೆ ಅದು ಮಾಲು ತುಂಬಿಕೊಂಡೇ ಗೋದಾಮಿಗೆ ಮರಳಬೇಕು, ಮತ್ತು ಆ ಸೇಲ್ಸ್‌ಮನ್ ಸಂಜೆ ತನ್ನ ಮ್ಯಾನೇಜರಿಗೆ ಕಾರಣ ಹೇಳಬೇಕು.