ಶ್ರಾವಕನ ದಿನಚರಿ, ಶ್ರಾವಕಿಯ ದುಡಿಮೆ

ಜೈನ ಕಾವ್ಯಗಳನ್ನು ವೈರಾಗ್ಯದ ಕಡೆಯಿಂದ ಓದುವ ಪದ್ಧತಿ ಕನ್ನಡ ವಿಮರ್ಶೆಯಲ್ಲಿ ಆಳವಾಗಿ ಬೇರೂರಿದೆ. ನೀಲಾಂಜನೆಯ ನೃತ್ಯ, ಬಾಹುಬಲಿಯ ತಪಸ್ಸು, ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಬರುವ ಉಪಸರ್ಗಸಹನೆ, ಇವುಗಳ ಸುತ್ತ ಬೆಳೆದ ಬರಹ ವಿಪುಲವಾಗಿದೆ. ಮನೆಯನ್ನು ತೊರೆದವರ ಕುರಿತು ಇಷ್ಟೆಲ್ಲ ಚರ್ಚೆ ನಡೆದಿದ್ದರೂ, ಆ ತ್ಯಾಗಿಗಳು ಚರ್ಯೆಗೆ ಬಂದು ನಿಂತ ಮನೆಯು ಆ ಹೊತ್ತಿಗೆ ಹೇಗೆ ಸಿದ್ಧವಾಗಿರುತ್ತಿತ್ತು, ಯಾರ ಕೈಯಿಂದ ಸಿದ್ಧವಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳಿದ ಅಧ್ಯಯನಗಳು ವಿರಳ. ದಿಗಂಬರ ಮುನಿಯು ದಿನಕ್ಕೆ ಒಮ್ಮೆ, ನಿಂತು, ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುತ್ತಾನೆ. ತನಗಾಗಿಯೇ ಮಾಡಿದ್ದನ್ನು ಸ್ವೀಕರಿಸುವುದಿಲ್ಲ. ಹಾಗಿದ್ದಮೇಲೆ ಪ್ರತಿದಿನವೂ ಶುದ್ಧವಾದ ಅಡುಗೆ ನಡೆಯುವ ಮನೆಗಳು ಊರಲ್ಲಿ ಇದ್ದರೆ ಮಾತ್ರ ಮುನಿಧರ್ಮ ನಡೆಯುತ್ತದೆ. ವೈರಾಗ್ಯದ ಕಾವ್ಯಕ್ಕೆ ಒಂದು ಅಡುಗೆಮನೆಯ ಆಧಾರವಿದೆ.

ಈ ಸಂಗತಿಯನ್ನು ಕವಿಗಳು ಅರಿಯದವರಲ್ಲ. ಪಂಪನ ‘ಆದಿಪುರಾಣ’ದಲ್ಲಿ (941) ದೀಕ್ಷೆ ಪಡೆದ ಆದಿದೇವನು ಆಹಾರಕ್ಕೆಂದು ಊರೂರು ಸಂಚರಿಸಿದಾಗ ಜನರು ರತ್ನಗಳನ್ನೂ ಆನೆ ಕುದುರೆಗಳನ್ನೂ ತಂದೊಪ್ಪಿಸುತ್ತಾರೆ. ಭಕ್ತಿಗೆ ಕೊರತೆಯಿಲ್ಲ, ಅನ್ನ ನೀಡುವ ವಿಧಾನ ಮಾತ್ರ ಯಾರಿಗೂ ತಿಳಿಯದು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನು ನೀಡಿ ದಾನತೀರ್ಥದ ಪ್ರವರ್ತಕನೆನಿಸಿಕೊಳ್ಳುತ್ತಾನೆ. ಅವನಿಗೆ ಆ ವಿಧಾನ ತಿಳಿದದ್ದು ಜಾತಿಸ್ಮರಣೆಯಿಂದ. ಹಿಂದಿನ ಒಂದು ಭವದಲ್ಲಿ ಅವನು ಶ್ರೀಮತಿ. ವಜ್ರಜಂಘನೊಡನೆ ಅಡವಿಯ ಬೀಡಿನಲ್ಲಿ ಇಬ್ಬರು ಚಾರಣಮುನಿಗಳಿಗೆ ಆಹಾರ ಕೊಟ್ಟವಳು. ಶ್ರೀಮತಿ-ವಜ್ರಜಂಘರು ಧೂಪದ ಹೊಗೆಯಲ್ಲಿ ಉಸಿರುಗಟ್ಟಿ ಮಡಿದ ಸನ್ನಿವೇಶವನ್ನು ತರಗತಿಯಲ್ಲಿ ಓದದ ಕನ್ನಡ ಎಂ.ಎ. ವಿದ್ಯಾರ್ಥಿ ಸಿಗಲಾರನು. ಆದರೆ ಜಗತ್ತಿನ ಮೊದಲ ದಾನಿಗೆ ದಾನದ ಕ್ರಮ ನೆನಪಾದದ್ದು ಒಬ್ಬ ಗೃಹಿಣಿಯಾಗಿದ್ದ ಜನ್ಮದಿಂದ ಎಂಬುದು ಅದೇ ತರಗತಿಯಲ್ಲಿ ಪ್ರಸ್ತಾಪವಾಗುವುದು ಅಪರೂಪ. ಶ್ರೀಮತಿ ರಾಣಿ, ಒಲೆಯ ಮುಂದೆ ಕುಳಿತವಳಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ಸರಿಯೇ. ಆದರೂ ಪುರಾಣವು ಈ ತಿಳಿವಳಿಕೆಯನ್ನು ಮನೆಯೊಳಗಿನ ನೆನಪಾಗಿ ಇರಿಸಿದೆ ಎಂಬುದನ್ನು ಅಲ್ಲಗಳೆಯಲಾಗದು.

ರತ್ನಾಕರವರ್ಣಿ ಇನ್ನೂ ಸ್ಪಷ್ಟ. ‘ಭರತೇಶ ವೈಭವ’ದ ಆರಂಭದ ಸಂಧಿಗಳ ಹೆಸರನ್ನಷ್ಟೇ ಗಮನಿಸಿದರೆ ಸಾಕು: ಆಸ್ಥಾನ ಸಂಧಿ, ಕವಿವಾಕ್ಯ ಸಂಧಿ, ಮುನಿಭುಕ್ತಿ ಸಂಧಿ, ರಾಜಭುಕ್ತಿ ಸಂಧಿ. ಓಲಗ, ಕಾವ್ಯಗೋಷ್ಠಿ, ಮುನಿಗಳ ಊಟ, ಆಮೇಲೆ ಅರಸನ ಊಟ. ಷಟ್ಖಂಡಾಧಿಪತಿಯ ಮಹಾಕಾವ್ಯವು ಒಂದು ದಿನಚರಿಯ ಕ್ರಮದಲ್ಲಿ ತೊಡಗುತ್ತದೆ, ಮತ್ತು ಆ ಕ್ರಮವು ಸಾಮಾನ್ಯ ಶ್ರಾವಕನ ಮನೆಯ ಕ್ರಮವೇ ಆಗಿದೆ. ಭರತನನ್ನು ಭೋಗ-ಯೋಗಗಳ ಸಮನ್ವಯಕಾರನೆಂದು ಕರೆಯುವುದು ವಿಮರ್ಶೆಯ ರೂಢಿ. ಸಮನ್ವಯವೆಂಬ ದೊಡ್ಡ ಮಾತಿಗೆ ಮೊದಲು ಅವನು ವೇಳೆಗೆ ಸರಿಯಾಗಿ ಬಾಗಿಲಲ್ಲಿ ನಿಂತು ಅತಿಥಿಗಳಿಗಾಗಿ ಕಾಯುವ ಗೃಹಸ್ಥ ಎಂಬುದನ್ನು ಹೇಳಬೇಕಾಗಿತ್ತು.

ಆ ಗೃಹಸ್ಥನ ಮನೆಯ ಒಳಗಡೆ ಏನು ನಡೆಯುತ್ತದೆ? ದಿಗಂಬರ ಸಂಪ್ರದಾಯದ ನಿಯಮಗಳನ್ನೇ ನೋಡಬಹುದು. ಬಟ್ಟೆಯಲ್ಲಿ ಸೋಸಿದ ನೀರಿನ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ಲವಂಗದಂಥ ದ್ರವ್ಯ ಬೆರೆಸಿ ಪ್ರಾಸುಕ ಮಾಡಿದರೆ 6 ಗಂಟೆ. ಚೆನ್ನಾಗಿ ಕುದಿಸಿದರೆ 24 ಗಂಟೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ಸೇದಿದ ಜಾಗಕ್ಕೇ ಮರಳಿ ಮುಟ್ಟಿಸಬೇಕು. ಕರೆದ ಹಾಲನ್ನು ಎರಡು ಘಳಿಗೆಯೊಳಗೆ ಕಾಯಿಸಬೇಕು. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಸೂರ್ಯೋದಯದ ನಂತರದ ಎರಡು ಘಳಿಗೆ ಮತ್ತು ಸೂರ್ಯಾಸ್ತದ ಮುಂಚಿನ ಎರಡು ಘಳಿಗೆಗಳನ್ನು ಬಿಟ್ಟು ಉಳಿದ ಹಗಲೇ ಊಟದ ಕಾಲ. ಇವುಗಳ ಮೇಲೆ ಅಷ್ಟಮಿ, ಚತುರ್ದಶಿ, ವರ್ಷಕ್ಕೆ ಮೂರು ಸಲ ಬರುವ ಅಷ್ಟಾಹ್ನಿಕ, ಭಾದ್ರಪದದ ದಶಲಕ್ಷಣ ಪರ್ವ. ಮನೆಯಲ್ಲಿ ಒಬ್ಬರು ಪ್ರೋಷಧೋಪವಾಸ ಹಿಡಿದರೆ ಹಿಂದಿನ ದಿನ ಏಕಭುಕ್ತ, ಮರುದಿನವೂ ಏಕಭುಕ್ತ; ಒಬ್ಬರ ಒಂದು ಉಪವಾಸಕ್ಕೆ ಅಡುಗೆಮನೆಯ ಮೂರು ದಿನಗಳ ಲೆಕ್ಕ ಬದಲಾಗುತ್ತದೆ. ಅದೇ ಮನೆಯಲ್ಲಿ ಶಾಲೆಗೆ ಹೊರಟ ಮಗುವಿಗೆ ಎಂಟೂವರೆಗೆ ಡಬ್ಬಿ ತುಂಬಬೇಕು. ಅತ್ತೆಗೆ ಗಡ್ಡೆಗೆಣಸು ವರ್ಜ್ಯ, ಮಗನಿಗೆ ಆಲೂಗಡ್ಡೆ ಇಲ್ಲದೆ ಪಲ್ಯ ಇಳಿಯದು. ಚಾತುರ್ಮಾಸದಲ್ಲಿ ಮುನಿಸಂಘ ಊರಿಗೆ ಬಂದು ಚೌಕದ ಸರದಿ ಬಂತೆಂದರೆ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಶುದ್ಧಿಗಳ ಸಿದ್ಧತೆ ಬೆಳಕು ಹರಿಯುವ ಮೊದಲೇ ಆರಂಭವಾಗಬೇಕು.

ಗಡಿಯಾರವಿಲ್ಲದ ಕಾಲದಲ್ಲಿ, ಓದುಬರಹ ಎಲ್ಲರಿಗೂ ದಕ್ಕದ ಕಾಲದಲ್ಲಿ, ಇಷ್ಟೊಂದು ಅವಧಿಗಳನ್ನು ತಲೆಯಲ್ಲಿ ಇಟ್ಟುಕೊಂಡು ಮನೆ ನಡೆಸಿದವರ ಬುದ್ಧಿಯನ್ನು ಶಾಸ್ತ್ರಜ್ಞಾನವೆಂದು ಕರೆಯಲು ವಿದ್ವತ್ತು ಇನ್ನೂ ಹಿಂಜರಿಯುತ್ತದೆ. ಅದನ್ನು ‘ಮಡಿ’ ಎಂದೋ ‘ಹೆಂಗಸರ ಆಚಾರ’ ಎಂದೋ ಪಕ್ಕಕ್ಕಿಡಲಾಗುತ್ತದೆ. ಅದೇ ಅವಧಿಗಳನ್ನು ಸಂಸ್ಕೃತದ ಶ್ರಾವಕಾಚಾರ ಗ್ರಂಥವೊಂದರಿಂದ ಉದ್ಧರಿಸಿದರೆ ಆಗ ಅದು ಸಂಶೋಧನೆ.

ಸಮಸ್ಯೆಯ ಬೇರು ಇನ್ನೂ ಕೆಳಗಿದೆ. ಗೃಹಸ್ಥನ ಮನೆಯಲ್ಲಿ ಐದು ವಧಸ್ಥಾನಗಳಿವೆ ಎಂಬ ಭಾವನೆ ಭಾರತೀಯ ಪರಂಪರೆಗಳಿಗೆಲ್ಲ ಪರಿಚಿತ: ಒರಳು, ಬೀಸುಕಲ್ಲು, ಒಲೆ, ನೀರಿನ ಕೊಡ, ಪೊರಕೆ. ಇವೇ ಪಂಚಸೂನೆಗಳು. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ದಾನವನ್ನು ವಿವರಿಸುವಾಗ ಅದನ್ನು ಸ್ವೀಕರಿಸುವ ಆರ್ಯರು ಸೂನೆ ಮತ್ತು ಆರಂಭಗಳಿಂದ ಮುಕ್ತರಾದವರು ಎನ್ನುತ್ತಾರೆ, ಮನೆಗೆಲಸದಿಂದ ಕೂಡಿದ ಕರ್ಮವನ್ನು ಅತಿಥಿಪೂಜೆಯು ನೀರು ರಕ್ತವನ್ನು ತೊಳೆಯುವಂತೆ ತೊಳೆಯುತ್ತದೆಂದು ಮುಂದುವರಿಸುತ್ತಾರೆ. ಸೂಕ್ಷ್ಮಜೀವಗಳ ಬಗೆಗಿನ ಈ ಎಚ್ಚರ ಅಸಾಮಾನ್ಯವಾದುದು. ಆದರೆ ಆ ಐದು ಸ್ಥಾನಗಳನ್ನು ಇನ್ನೊಮ್ಮೆ ಎಣಿಸಬೇಕು. ಕುಟ್ಟುವುದು, ಬೀಸುವುದು, ಬೇಯಿಸುವುದು, ನೀರು ಹೊರುವುದು, ಗುಡಿಸುವುದು. ಐದರಲ್ಲಿ ಐದೂ ಹೆಣ್ಣಿನ ಕೈಗೆ ಒಪ್ಪಿಸಿದ ಕೆಲಸಗಳು. ಹಿಂಸೆಯ ಪಟ್ಟಿಯೂ ಮನೆಗೆಲಸದ ಪಟ್ಟಿಯೂ ಒಂದೇ ಆದಾಗ, ಪಾಪ ತಗುಲುವ ಜಾಗದಲ್ಲಿ ಒಬ್ಬಳು, ಅದನ್ನು ತೊಳೆಯುವ ದಾನದ ಜಾಗದಲ್ಲಿ ಕಲಶ ಹಿಡಿದು ಒಬ್ಬನು ನಿಲ್ಲುವ ಏರ್ಪಾಡು ಬೆಳೆದು ಬಂತು.

ಜೈನ ಶಾಸನಗಳಲ್ಲಿ ಸ್ತ್ರೀಯರ ಹೆಸರುಗಳು ಧಾರಾಳವಾಗಿವೆಯಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿದಳು, ರನ್ನನಿಂದ ‘ಅಜಿತಪುರಾಣ’ವನ್ನು (993) ಬರೆಯಿಸಿದಳು. ಇದು ನಾಡಿನ ಹೆಮ್ಮೆ. ಆದರೆ ಶಾಸನವು ಧನ ಕೊಟ್ಟವಳನ್ನು ದಾಖಲಿಸುತ್ತದೆ, ದುಡಿದವಳನ್ನು ದಾಖಲಿಸುವುದಿಲ್ಲ. ಆಹಾರದಾನಕ್ಕೆ ಭೂಮಿ ಬಿಟ್ಟವರ ಹೆಸರು ಕಲ್ಲಿನ ಮೇಲಿದೆ; ಆ ಭೂಮಿಯ ಅಕ್ಕಿಯನ್ನು ಕೇರಿ, ಆರಿಸಿ, ಬೇಯಿಸಿದವರು ಕಲ್ಲಿಗೆ ಏರಲಿಲ್ಲ. ದಾನಚಿಂತಾಮಣಿಯ ಹೆಸರಿನಿಂದ ಉಳಿದವರ ಮೌನವನ್ನು ತುಂಬಲು ಬಾರದು.

ಇದು ಹಳೆಯ ಮಾತಾಗಿ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಶ್ರಾವಕಾಚಾರದ ನಿಯಮಗಳು ರೂಪುಗೊಂಡದ್ದು ಹಲವು ಕೈಗಳ ಮನೆಯಲ್ಲಿ. ನೀರಿಗೆ ಒಬ್ಬಳು, ಹಿಟ್ಟಿಗೆ ಒಬ್ಬಳು, ಹಾಲಿಗೆ ಒಬ್ಬಳು, ಜೊತೆಗೆ ಆಳುಗಳು. ಇಂದಿನ ಬೆಳಗಾವಿಯ, ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಮನೆಯಲ್ಲಿ ಅಷ್ಟೇ ನಿಯಮಗಳಿವೆ, ಕೈಗಳು ಎರಡು. ಮಾರ್ಗಶಿರದಲ್ಲಿ ಸೂರ್ಯ ಮುಳುಗುವುದು ಆರರ ಹೊತ್ತಿಗೆ. ನಿಯಮ ಪಾಲಿಸುವವರ ಊಟ ಐದಕ್ಕೆ ಮುಗಿಯಬೇಕು. ಕಚೇರಿ ಬಿಡುವುದೇ ಐದೂವರೆಗೆ. ಕೆಲಸಕ್ಕೆ ಹೋಗುವ ಸೊಸೆ ರಾತ್ರಿಭೋಜನ ತ್ಯಾಗವನ್ನು ಪಾಲಿಸಬೇಕಾದರೆ ಬೆಳಗಿನ ಐದಕ್ಕೇ ಸಂಜೆಯ ಡಬ್ಬಿಯನ್ನೂ ಕಟ್ಟಿಕೊಳ್ಳುತ್ತಾಳೆ. ಮನೆಯ ಹಿರಿಯರಿಗೆ ಬಿಸಿಯಾಗಿ ಬಡಿಸಲು ಯಾರೂ ಇಲ್ಲವೆಂಬ ದೂರೂ ಅವಳ ಪಾಲಿಗೇ ಬರುತ್ತದೆ. ವ್ರತ ಕೆಟ್ಟಿತೆಂದು ಪ್ರವಚನಗಳಲ್ಲಿ ನಿಂದಿಸಲ್ಪಡುವವಳೂ ಅವಳೇ. ತರುಣಿಯರು ಧರ್ಮದಿಂದ ದೂರ ಸರಿಯುತ್ತಿದ್ದಾರೆ ಎಂದು ಹಳಹಳಿಸುವ ಭಾಷಣಕಾರರು ಆ ಮನೆಯ ಗಂಡಸರು ಬೆಳಗ್ಗೆ ನೀರು ಸೋಸಿದರೇ ಎಂದು ಎಂದಾದರೂ ಕೇಳಿದ್ದುಂಟೆ?

ಈ ಪ್ರಶ್ನೆಯನ್ನು ಹೊರಗಿನ ಸಿದ್ಧಾಂತವೊಂದರಿಂದ ಎರವಲು ತರಬೇಕಿಲ್ಲ. ಕೃತ, ಕಾರಿತ, ಅನುಮತ. ಮನಸ್ಸು, ಮಾತು, ಕಾಯ. ಈ ನವಕೋಟಿಯ ಲೆಕ್ಕವೇ ಉತ್ತರವನ್ನು ಕೊಡುತ್ತದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಮೂರೂ ಕರ್ಮಬಂಧಕ್ಕೆ ಕಾರಣ. ಒಲೆ ಹೊತ್ತಿಸಿದವಳು ಕೃತದಲ್ಲಿದ್ದರೆ ಹಸಿವೆಂದು ಕರೆದು ಉಂಡವನು ಕಾರಿತದಲ್ಲಿದ್ದಾನೆ. ಸೂನೆಯ ಪಾಲಿನಿಂದ ಅವನಿಗೆ ವಿನಾಯಿತಿಯಿಲ್ಲ. ಪಾಲು ಸಮನಾದಮೇಲೆ ಯತ್ನಾಚಾರ, ಅಂದರೆ ಎಚ್ಚರದಿಂದ ಕೆಲಸ ಮಾಡುವ ಹೊಣೆಯೂ ಸಮನಾಗಬೇಕು. ದೇವಪೂಜೆಯಿಂದ ದಾನದವರೆಗಿನ ಗೃಹಸ್ಥನ ಷಟ್ಕರ್ಮಗಳಲ್ಲಿ ಸಂಯಮವೂ ಒಂದು. ಅಡುಗೆಮನೆಗಿಂತ ಹೆಚ್ಚು ಸಂಯಮ ಬೇಡುವ ಜಾಗ ಮನೆಯಲ್ಲಿ ಬೇರೆಲ್ಲಿದೆ? ನಿಯಮಗಳನ್ನು ಸಡಿಲಿಸಿ ಎಂಬ ಸುಧಾರಕರ ಸಲಹೆ ಸುಲಭದ ದಾರಿ. ನಿಯಮಗಳನ್ನು ಉಳಿಸಿಕೊಂಡು ಕೆಲಸವನ್ನು ಹಂಚಿಕೊಳ್ಳುವುದು ಕಠಿಣ, ಆದರೆ ಶಾಸ್ತ್ರಕ್ಕೆ ಹತ್ತಿರ. ಹಿಟ್ಟಿನ ಡಬ್ಬಿಯ ಮೇಲೆ ಬೀಸಿದ ತಾರೀಖು ಬರೆಯುವುದು, ಚತುರ್ದಶಿಯ ಹಿಂದಿನ ದಿನ ಯಾರಿಗೆ ಏಕಭುಕ್ತವೆಂದು ಕೇಳಿ ಅಕ್ಕಿ ಅಳೆಯುವುದು ಯಾವ ಪುರುಷನ ಕೈಗೂ ನಿಲುಕದ ವಿದ್ಯೆಯಲ್ಲ.

ಸಂಶೋಧಕರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಕಲ್ಲಹಳ್ಳಿಯ ಅರಸು ಮನೆತನದ ಜೈನಕವಿ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಅಡುಗೆಗಳಿಗೆ ದೊಡ್ಡ ಪಾಲಿದೆ, ನೇಮದ ಶ್ರಾವಕರ ಮನೆಗಳಲ್ಲಿ ಬಹುಬೀಜವೆಂದು ಬಿಡುವ ಕಾಯಿ ಅದು. ಗ್ರಂಥದ ಅಡುಗೆಮನೆಗೂ ಶ್ರಾವಕಾಚಾರದ ಅಡುಗೆಮನೆಗೂ ಇರುವ ಈ ಅಂತರವನ್ನು ಬಿಡಿಸಲು ಹಸ್ತಪ್ರತಿಗಳಷ್ಟೇ ಸಾಲವು. ಎಪ್ಪತ್ತು, ಎಂಬತ್ತು ದಾಟಿದ ಶ್ರಾವಕಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಯಾವ ಮಾಸದಲ್ಲಿ ಯಾವ ಸೊಪ್ಪು ನಿಂತಿತು, ಬಾವಿ ಹೋಗಿ ನಲ್ಲಿ ಬಂದಾಗ ಸೋಸಿದ ಬಟ್ಟೆಯ ಜೀವಗಳನ್ನು ಎಲ್ಲಿಗೆ ಬಿಟ್ಟರು, ಗಿರಣಿ ಬಂದಾಗ ಬೇರೆಯವರ ಹಿಟ್ಟು ಬೆರೆಯದಂತೆ ಏನು ಮಾಡಿದರು, ಇವೆಲ್ಲ ಅವರಿಗೆ ಗೊತ್ತು. ಅವರ ಬಳಿ ಹೋಗಿ ಕುಳಿತು ಬರೆದುಕೊಂಡ ಪಿಎಚ್.ಡಿ. ಪ್ರಬಂಧವೊಂದು ಕನ್ನಡ ಅಧ್ಯಯನ ವಿಭಾಗಗಳಿಂದ ಬರಬೇಕಾಗಿದೆ.