ಕೊಬ್ಬರಿ ನಮ್ಮದು, ಕಾಯ್ದೆ ಯಾರದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕನ್ನಡ ಬಂಧುಗಳೇ, ವರ್ಷಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ, ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುವವರು ನೀವು. ಅದನ್ನು ಮಾರುವ ತಿಪಟೂರಿನ ಎಪಿಎಂಸಿ ನಡೆಯುವುದು 1966ರ ಕರ್ನಾಟಕ ಕಾಯ್ದೆಯಿಂದ. ಸಂವಿಧಾನದ ರಾಜ್ಯಪಟ್ಟಿಯಲ್ಲಿ ಕೃಷಿ 14ನೇ ನಮೂದು, ಸಂತೆ ಮಾರುಕಟ್ಟೆ 28ನೇ ನಮೂದು. ಎರಡೂ ವಿಧಾನಸೌಧದ ಹಕ್ಕು.

ಹಾಗಿದ್ದೂ 2020ರಲ್ಲಿ ‘ಒಂದು ದೇಶ, ಒಂದು ಮಾರುಕಟ್ಟೆ’ ಎನ್ನುತ್ತಾ ದೆಹಲಿ ಕೃಷಿ ವ್ಯಾಪಾರ ಕಾಯ್ದೆ ತಂದಿತು. ಎಪಿಎಂಸಿ ಗೇಟಿನಾಚೆಯ ವ್ಯಾಪಾರಕ್ಕೆ ರಾಜ್ಯ ಸೆಸ್ ಹಾಕುವಂತಿಲ್ಲ ಎಂದಿತು. ಈ ಅಧಿಕಾರ ಎಲ್ಲಿಂದ ಬಂತು? ಸಮವರ್ತಿ ಪಟ್ಟಿಯ 33ನೇ ನಮೂದಿನಿಂದ. 1954ರ 3ನೇ ತಿದ್ದುಪಡಿ ಅದರೊಳಗೆ ಆಹಾರ ಪದಾರ್ಥ, ಖಾದ್ಯ ಎಣ್ಣೆಬೀಜಗಳ ವ್ಯಾಪಾರವನ್ನು ತುರುಕಿತ್ತು. ನಮ್ಮ ಕೊಬ್ಬರಿಯೂ ಎಣ್ಣೆಬೀಜವೇ ತಾನೆ!

ನಮ್ಮ ರಾಜ್ಯ ಸರ್ಕಾರವಾದರೂ ತಡೆಯಿತೇ? ಅದೇ ವರ್ಷ ತನ್ನ ಎಪಿಎಂಸಿ ಕಾಯ್ದೆಯನ್ನೇ ಸಡಿಲಿಸಿ ತಲೆಯಾಡಿಸಿತು. ಎಪಿಎಂಸಿಗಳಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ನಮ್ಮೂರಿನ ಶಾಸಕರ ಕೊರಳಪಟ್ಟಿ ಹಿಡಿಯಬಹುದು. ದೆಹಲಿಯಲ್ಲಿ ಯಾರನ್ನು ಹಿಡಿಯೋಣ?

ರೈತರ ಹೋರಾಟಕ್ಕೆ ಮಣಿದು 2021ರಲ್ಲಿ ಕೇಂದ್ರ ಆ ಕಾಯ್ದೆಯನ್ನು ಹಿಂತೆಗೆದುಕೊಂಡಿತು. 33ನೇ ನಮೂದು ಮಾತ್ರ ಅಲ್ಲೇ ಇದೆ. ಮತ ಕೇಳಲು ಬರುವ ಸಂಸದರನ್ನು ಕೊಬ್ಬರಿ ಚೀಲದ ಮುಂದೆ ಕೂರಿಸಿ ಕೇಳಿ: ಅದರಿಂದ ನಮ್ಮ ಎಣ್ಣೆಬೀಜವನ್ನು ಹೊರಗೆ ತೆಗೆಸುತ್ತೀರಾ, ಇಲ್ಲವಾ?