ಪುಡಿಗಾಸಿನ ಷೇರು, ದುಡಿಮೆಯ ಬಂಡವಾಳ

ಅಗ್ಗದ ಸರಕಿನ ಮೇಲೆ ವರ್ತಕನ ಕಣ್ಣು ಬೀಳುವುದು ಸಹಜ. ಕಡಿಮೆ ದರದಲ್ಲಿ ಕೊಂಡು ದಾಸ್ತಾನು ಮಾಡಿ ದರ ಏರಿದಾಗ ಮಾರುವುದೇ ವ್ಯಾಪಾರದ ಮೂಲಪಾಠ. ಆದರೆ ಈ ಪಾಠವನ್ನು ಹಾಗೆಯೇ ಷೇರು ಪೇಟೆಗೆ ಕೊಂಡೊಯ್ದು, ಎರಡು ಮೂರು ರೂಪಾಯಿಯ ಷೇರುಗಳನ್ನು ಮೂಟೆಗಟ್ಟಲೆ ಕೊಳ್ಳುವ ಪ್ರವೃತ್ತಿ ನಮ್ಮ ವರ್ತಕ ಬಾಂಧವರಲ್ಲಿ ಬೆಳೆಯುತ್ತಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಕೊನೆಯಲ್ಲಿ ನಮ್ಮ ಹಳೆಯ ಕಕ್ಷಿದಾರರೊಬ್ಬರು, ಹಾರ್ಡ್‌ವೇರ್ ವ್ಯಾಪಾರಿಗಳು, ಕಚೇರಿಗೆ ಬಂದರು. ಅಂಗಡಿಯ ಓವರ್‌ಡ್ರಾಫ್ಟ್ ಖಾತೆಯಿಂದ ಆರು ಲಕ್ಷ ರೂಪಾಯಿ ತೆಗೆದು, ಮೊಬೈಲಿನ ಗುಂಪೊಂದರಲ್ಲಿ ಬಂದ ಸಲಹೆಯಂತೆ ಒಂದೇ ಕಂಪನಿಯ ಷೇರು ಕೊಂಡಿದ್ದರು. ದರ ಕುಸಿದಿತ್ತು. ಅವರು ಕೇಳಿದ್ದು ಇಷ್ಟೆ: "ಸಾರ್, ಈ ನಷ್ಟವನ್ನು ಅಂಗಡಿಯ ಲಾಭದಲ್ಲಿ ಕಳೆಯಬಹುದೇ? ಬಡ್ಡಿಯನ್ನಾದರೂ ಖರ್ಚು ಹಾಕಬಹುದೇ?" ಎರಡಕ್ಕೂ ಇಲ್ಲವೆಂದೇ ಹೇಳಬೇಕಾಯಿತು. ಹೂಡಿಕೆಯಾಗಿ ಕೊಂಡ ಷೇರಿನ ನಷ್ಟವನ್ನು ಬಂಡವಾಳ ಲಾಭದಲ್ಲಿ ಮಾತ್ರ ವಜಾ ಮಾಡಲು ಸಾಧ್ಯ. ವ್ಯಾಪಾರದ ಆದಾಯದಲ್ಲಿ ಅಲ್ಲ. ವ್ಯಾಪಾರಕ್ಕೆಂದು ಬಳಸದ ಸಾಲದ ಬಡ್ಡಿ ವ್ಯಾಪಾರದ ಖರ್ಚಾಗುವುದಿಲ್ಲ. ಅಷ್ಟೇ ಅಲ್ಲ, ಷೇರನ್ನು ಮಾರದೆ ನಷ್ಟವೇ ಹುಟ್ಟುವುದಿಲ್ಲ. ಮಾರಲು ಹೋದರೆ ಕೊಳ್ಳುವವರೇ ಇರಲಿಲ್ಲ.

ಕೊಳ್ಳುವವರು ಏಕಿರಲಿಲ್ಲ ಎಂಬುದೇ ಈ ವಂಚನೆಯ ತಿರುಳು. ಪೆನ್ನಿ ಷೇರುಗಳ ಅನೇಕ ಕಂಪನಿಗಳಲ್ಲಿ ಬಹುಪಾಲು ಷೇರುಗಳು ಪ್ರವರ್ತಕರ ಹಾಗೂ ಅವರ ಆಪ್ತರ ಕೈಯಲ್ಲಿರುತ್ತವೆ. ಈ ಕೂಟದವರು ತಮ್ಮ ತಮ್ಮಲ್ಲೇ ಕೊಟ್ಟು ಕೊಂಡು, ಪ್ರತಿದಿನವೂ ದರವನ್ನು ಮೇಲಿನ ಮಿತಿಗೆ ಮುಟ್ಟಿಸುತ್ತಾರೆ. ದಿನದ ಏರಿಳಿತದ ಮಿತಿ ಶೇ. 5 ಎಂದಿಟ್ಟುಕೊಂಡರೂ, 4 ರೂಪಾಯಿಯ ಷೇರು ಇಪ್ಪತ್ತು ವಹಿವಾಟಿನ ದಿನಗಳಲ್ಲಿ ಹತ್ತು ರೂಪಾಯಿ ದಾಟುತ್ತದೆ. ಈ ಏರಿಕೆಯನ್ನು ತೋರಿಸಿ ಸುದ್ದಿ ಹಬ್ಬಿಸಲಾಗುತ್ತದೆ. ಹೊರಗಿನವರು ಮುಗಿಬಿದ್ದಾಗ ಕೂಟದವರು ಸದ್ದಿಲ್ಲದೆ ಮಾರಿ ಹೊರನಡೆಯುತ್ತಾರೆ. ಅನಂತರ ಅದೇ ಶೇ. 5ರ ಮಿತಿ ಕೆಳಮುಖವಾಗಿ ಕೆಲಸ ಮಾಡುತ್ತದೆ. ಬೆಳಿಗ್ಗೆ ಪೇಟೆ ತೆರೆದೊಡನೆ ಕೆಳಮಿತಿ, ಮಾರುವವರ ಸಾಲು ಉದ್ದ, ಕೊಳ್ಳುವವರ ಕಡೆ ಸೊನ್ನೆ.

ಇದು ಊಹೆಯ ಮಾತಲ್ಲ. ಸಾಧನಾ ಬ್ರಾಡ್‌ಕಾಸ್ಟ್ ಕಂಪನಿಯ ಷೇರುಗಳಿಗೆ ಸಂಬಂಧಿಸಿ ಸೆಬಿ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಮಧ್ಯಂತರ ಆದೇಶವನ್ನು ಓದಿದವರಿಗೆ ಇದರ ಪೂರ್ಣ ಚಿತ್ರ ದೊರೆಯುತ್ತದೆ. 2022ರ ಜುಲೈ ತಿಂಗಳ ಉತ್ತರಾರ್ಧದಲ್ಲಿ ಯೂಟ್ಯೂಬ್ ವಾಹಿನಿಗಳಲ್ಲಿ ಈ ಕಂಪನಿಯ ಬಗ್ಗೆ ವಿಡಿಯೋಗಳು ಬಂದವು. ದೊಡ್ಡ ಉದ್ಯಮ ಸಮೂಹವೊಂದು ಕಂಪನಿಯನ್ನು ಕೊಳ್ಳಲಿದೆ, ಅಮೆರಿಕದ ಸಂಸ್ಥೆಯೊಂದು ಭಕ್ತಿ ಚಿತ್ರಗಳಿಗಾಗಿ 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂಬೆಲ್ಲ ಸುಳ್ಳುಗಳು ಅವುಗಳಲ್ಲಿದ್ದವು. ಸೆಬಿಯ ಪ್ರಕಾರ ಆ ಅವಧಿಯಲ್ಲಿ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಅದೇ ವೇಳೆ ಕೆಲವು ಪ್ರವರ್ತಕರೂ ಅವರ ಜತೆಗಾರರೂ ತಮ್ಮ ಷೇರುಗಳನ್ನು ಏರಿದ ದರದಲ್ಲಿ ಮಾರುತ್ತಿದ್ದರು. 31 ಮಂದಿಯ ಮೇಲೆ ನಿರ್ಬಂಧ ಬಿತ್ತು. 2025ರಲ್ಲಿ ಅಂತಿಮ ಆದೇಶವೂ ಬಂದಿತು. ವಿಡಿಯೋ ಬಂದದ್ದು 2022ರಲ್ಲಿ, ಅಂತಿಮ ಆದೇಶ 2025ರಲ್ಲಿ ಎಂಬ ಅಂತರವನ್ನು ಓದುಗರು ಗಮನಿಸಬೇಕು. ಅಷ್ಟು ಕಾಲ ಓ.ಡಿ.ಯ ಬಡ್ಡಿ ನಿಲ್ಲುವುದಿಲ್ಲ.

ನನಗೆ ಅಚ್ಚರಿಯಾಗುವ ಸಂಗತಿ ಬೇರೆಯೇ ಇದೆ. ಹೊಸ ಗಿರಾಕಿಗೆ ಐವತ್ತು ಸಾವಿರದ ಉದ್ರಿ ಕೊಡುವ ಮುನ್ನ ನಮ್ಮ ವ್ಯಾಪಾರಿಗಳು ಅವನ ಹಿಂದುಮುಂದನ್ನೆಲ್ಲ ನಾಲ್ಕು ಕಡೆ ವಿಚಾರಿಸುತ್ತಾರೆ. ಅದೇ ವ್ಯಾಪಾರಿ ಲಕ್ಷಗಟ್ಟಲೆ ಹಣವನ್ನು, ಕಾರ್ಖಾನೆ ಎಲ್ಲಿದೆಯೆಂದೂ ಗೊತ್ತಿಲ್ಲದ ಕಂಪನಿಗೆ ಹಾಕುತ್ತಾನೆ. ಮೂರು ರೂಪಾಯಿ ಎಂಬುದು ಅಗ್ಗವೇ ಅಲ್ಲ. ಕಂಪನಿಯ ನೂರು ಕೋಟಿ ಷೇರುಗಳಿದ್ದರೆ, ಮೂರು ರೂಪಾಯಿಯ ಲೆಕ್ಕದಲ್ಲಿ ಇಡೀ ಕಂಪನಿಗೆ ಮುನ್ನೂರು ಕೋಟಿ ಬೆಲೆ ಕಟ್ಟಿದಂತಾಯಿತು. ಅದರ ವಾರ್ಷಿಕ ವಹಿವಾಟು ನಿಮ್ಮ ಅಂಗಡಿಯದಕ್ಕಿಂತ ಕಡಿಮೆಯಿದ್ದರೆ, ಆ ಬೆಲೆಗೆ ನೀವು ಅದನ್ನು ಕೊಳ್ಳುವಿರಾ? ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಕಂಪನಿಯ ಲೆಕ್ಕಪತ್ರಗಳು ಪುಕ್ಕಟೆಯಾಗಿ ಸಿಗುತ್ತವೆ. ಹತ್ತು ನಿಮಿಷದ ಕೆಲಸ. ಆ ಷೇರು ವಿಶೇಷ ನಿಗಾ ಪಟ್ಟಿಯಲ್ಲಿದೆಯೇ ಎಂಬುದೂ ಅಲ್ಲಿಯೇ ತಿಳಿಯುತ್ತದೆ. 2017ರ ಆಗಸ್ಟ್‌ನಲ್ಲಿ ಶೆಲ್ ಕಂಪನಿಗಳೆಂದು ಶಂಕಿಸಿ 331 ಕಂಪನಿಗಳ ಷೇರು ವಹಿವಾಟನ್ನು ತಿಂಗಳ ಮೊದಲ ಸೋಮವಾರಕ್ಕೆ ಸೀಮಿತಗೊಳಿಸಲು ಸೆಬಿ ಸೂಚಿಸಿತ್ತು. ಅವುಗಳಲ್ಲಿ ಕೆಲವು ಕಂಪನಿಗಳಿಗೆ ಮೇಲ್ಮನವಿಯಲ್ಲಿ ಪರಿಹಾರ ದೊರೆತದ್ದು ನಿಜ; ಆದರೂ ಹಣ ಹೇಗೆ ಒಂದೇ ದಿನದಲ್ಲಿ ಸಿಕ್ಕಿಕೊಳ್ಳಬಹುದು ಎಂಬುದಕ್ಕೆ ಅದು ನಿದರ್ಶನ.

ಇನ್ನೊಂದು ವರ್ಗದವರ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಇವರು ಮೋಸ ಹೋದವರಲ್ಲ, ಮೋಸದ ಗಿರಾಕಿಗಳು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು, ವಹಿವಾಟು ತೆರಿಗೆ ತೆತ್ತು ಪೇಟೆಯಲ್ಲಿ ಮಾರಿದ ಷೇರುಗಳ ಲಾಭಕ್ಕೆ 2018ರ ಮಾರ್ಚ್ 31ರವರೆಗೆ 10(38)ನೆಯ ಕಲಮಿನ ಅನ್ವಯ ಪೂರ್ಣ ತೆರಿಗೆ ವಿನಾಯಿತಿ ಇತ್ತು. ಅದನ್ನು ಬಳಸಿ, ಕೈಯಲ್ಲಿದ್ದ ಲೆಕ್ಕವಿಲ್ಲದ ನಗದನ್ನು ದಲ್ಲಾಳಿಗೆ ಕೊಟ್ಟು, ಏರಿಸಿದ ದರದಲ್ಲಿ ಪೆನ್ನಿ ಷೇರು "ಮಾರಿ" ಬಿಳಿ ಚೆಕ್ ಪಡೆಯುವ ದಂಧೆ ವರ್ಷಗಟ್ಟಲೆ ನಡೆಯಿತು. ನಮ್ಮ ವೃತ್ತಿಯವರಲ್ಲೇ ಕೆಲವರು ಇದಕ್ಕೆ ದಾರಿ ತೋರಿದರೆಂಬುದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿದೆ, ಆದರೆ ಅದು ಸತ್ಯ. ವರ್ಷಗಳ ನಂತರ ನೋಟಿಸುಗಳು ಬಂದವು. ಇಂಥ ಲಾಭವನ್ನು 68ನೆಯ ಕಲಮಿನಡಿ ವಿವರಣೆಯಿಲ್ಲದ ಜಮೆಯೆಂದು ಪರಿಗಣಿಸಿ, 2016ರ ತಿದ್ದುಪಡಿಯ ನಂತರದ ವರ್ಷಗಳಿಗೆ ಶೇ. 60 ತೆರಿಗೆ, ಅದರ ಮೇಲೆ ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಶೇ. 77ಕ್ಕೂ ಮೀರಿದ ಹೊರೆ ಹೇರಲಾಯಿತು.

ಚೆಕ್ಕು, ಡಿಮ್ಯಾಟ್, ಕಾಂಟ್ರಾಕ್ಟ್ ನೋಟು ಎಲ್ಲ ಸರಿಯಾಗಿವೆಯಲ್ಲ ಎಂದು ವಾದಿಸಿದವರಿಗೆ ಕೆಲವು ನ್ಯಾಯಾಲಯಗಳಲ್ಲಿ ಜಯ ಸಿಕ್ಕಿದೆ. ಆದರೆ ಕೋಲ್ಕತ್ತಾ ಹೈಕೋರ್ಟು 2022ರ ಜೂನ್‌ನಲ್ಲಿ ಇಂಥ ಅನೇಕ ಮೇಲ್ಮನವಿಗಳನ್ನು ಒಟ್ಟಿಗೆ ವಿಚಾರಿಸಿ, ಸುತ್ತಮುತ್ತಲ ಸಂದರ್ಭಗಳನ್ನೂ ತೂಗಿ ಇಲಾಖೆಯ ಪರವಾಗಿ ತೀರ್ಪಿತ್ತಿತು. ಇಂಥ ಕೇಸುಗಳಲ್ಲಿ ಪದೇ ಪದೇ ಉಲ್ಲೇಖವಾಗುವ ಸುಪ್ರೀಂ ಕೋರ್ಟಿನ 1995ರ ತೀರ್ಪು ಹೊರಟದ್ದು ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರ ಪ್ರಕರಣವೊಂದರಲ್ಲಿ, ಕುದುರೆ ಪಂದ್ಯದ ಜ್ಯಾಕ್‌ಪಾಟ್ ಗೆಲುವಿನ ಬಗ್ಗೆ. ಕಾಗದಪತ್ರ ಏನೇ ಹೇಳಲಿ, ಲೋಕಾನುಭವದಲ್ಲಿ ಹಾಗೆ ನಡೆಯಲು ಸಾಧ್ಯವೇ ಎಂದು ನೋಡಬೇಕೆಂಬುದು ಅದರ ಸಾರ. ವ್ಯವಹಾರವೇ ಇಲ್ಲದ ಕಂಪನಿಯ ಷೇರು ಒಂದೂವರೆ ವರ್ಷದಲ್ಲಿ ಮೂವತ್ತು ಪಟ್ಟು ಏರಿತೆಂದರೆ ಕುದುರೆಯ ಕಥೆಯೇ ಹೆಚ್ಚು ನಂಬಲರ್ಹವೆನಿಸೀತು.

ಆಸೆಯಿದ್ದವರು ತಮ್ಮ ಸ್ವಂತ ಉಳಿತಾಯದ ಸಣ್ಣ ಪಾಲನ್ನು ಪರೀಕ್ಷಿಸಿ ನೋಡಿ ಹಾಕಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಅಂಗಡಿಯ ದುಡಿಯುವ ಬಂಡವಾಳ, ಕೂಲಿಯವರ ಬಟವಾಡೆಗೆ ಇಟ್ಟ ಹಣ, ಜಿ.ಎಸ್.ಟಿ. ಕಟ್ಟಲು ತೆಗೆದಿಟ್ಟ ಹಣ, ಇವನ್ನು ಮಾತ್ರ ಮುಟ್ಟಬಾರದು. ಈಗಾಗಲೇ ಸಿಕ್ಕಿಬಿದ್ದವರು ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ದೂರಿಗೆ ಬಲ ಬರುವುದು ಸಲಹೆಯ ಸಂದೇಶ, ಕಳುಹಿಸಿದವರ ಸಂಖ್ಯೆ, ದಿನಾಂಕಗಳು ಇದ್ದಾಗ. ನಮ್ಮ ಹಾರ್ಡ್‌ವೇರ್ ವ್ಯಾಪಾರಿಗಳಿಗೂ ಇದನ್ನೇ ಹೇಳಿದೆ. ಮನೆಯವರ ಕಣ್ಣಿಗೆ ಬಿದ್ದೀತೆಂದು ಅಂಜಿ ಅವರು ಆ ಸಂದೇಶಗಳನ್ನೆಲ್ಲ ಅದಾಗಲೇ ಅಳಿಸಿಬಿಟ್ಟಿದ್ದರು.